ಇಟ್ಟಿಗೆಯ ಅಗ್ಗಿಷ್ಟಿಕೆಗೆ ತೆಳುಸುಣ್ಣದ ಲೇಪ: ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಧಾರವಾಡದ ಚಳಿ ಅಗ್ಗಿಷ್ಟಿಕೆಯನ್ನು ಬೇಡುವಷ್ಟು ಕಠಿಣವಾದುದಲ್ಲ. ಆದರೂ ಬ್ಯಾಂಕಿನ ನೌಕರಿಯ ನಿಮಿತ್ತ ಕೆಲವು ವರ್ಷ ಮಡಿಕೇರಿಯಲ್ಲಿದ್ದು ಬಂದ ನನ್ನ ಸೋದರಮಾವ, ಮಾಳಮಡ್ಡಿಯಲ್ಲಿ ಮನೆ ಕಟ್ಟಿಸುವಾಗ ಪಡಸಾಲೆಯ ಒಂದು ಗೋಡೆಯಲ್ಲಿ ಹಟ ಹಿಡಿದು ಕೆಂಪು ಇಟ್ಟಿಗೆಯ ಅಗ್ಗಿಷ್ಟಿಕೆಯನ್ನು ಮಾಡಿಸಿಕೊಂಡರು. ಐದು ಅಡಿ ಅಗಲ, ಆರು ಅಡಿ ಎತ್ತರದ ಆ ಇಟ್ಟಿಗೆಯ ಮೋರೆ ವರ್ಷಗಳ ಹೊಗೆಯನ್ನು ಕುಡಿದು ಕಡುಗಂದು ಬಣ್ಣಕ್ಕೆ ತಿರುಗಿತ್ತು; ಮಳೆಗಾಲದ ಮಧ್ಯಾಹ್ನಗಳಲ್ಲಂತೂ ಇಡೀ ಪಡಸಾಲೆಗೆ ಅದರಿಂದಲೇ ಕತ್ತಲೆ ಕವಿದಂತೆ ಕಾಣುತ್ತಿತ್ತು. ಅದನ್ನು ತಿಳಿಗೊಳಿಸುವ ಕೆಲಸವನ್ನು ನನಗೆ ಒಪ್ಪಿಸುವಾಗ ಮಾಮಾ ಹಾಕಿದ ಷರತ್ತು ಒಂದೇ: "ಬೆಳ್ಳಗ ಆಗಬೇಕು ತಮ್ಮಾ, ಆದರ ಇಟ್ಟಂಗಿ ಕಾಣಬೇಕು." ಈ ಬರಹದಲ್ಲಿ ಹೇಳಿರುವುದೆಲ್ಲ ಆ ಷರತ್ತಿಗೆ ಒಳಪಟ್ಟ ವಿಧಾನ. ಅಗ್ಗಿಷ್ಟಿಕೆ ಇಲ್ಲದವರು ಗಿಲಾವು ಮಾಡದೆ ಬಿಟ್ಟ ಇಟ್ಟಿಗೆಯ ಒಳಗೋಡೆಗೂ ಇದನ್ನೇ ಅನುಸರಿಸಬಹುದು. ಮಸಿ ತೆಗೆಯುವ ಕೆಲಸವೊಂದು ಅವರಿಗೆ ತಪ್ಪುತ್ತದೆ.

ಇಟ್ಟಿಗೆಯನ್ನು ತಿಳಿಬಣ್ಣಕ್ಕೆ ತರಲು ಮೂರು ದಾರಿಗಳಿವೆ. ಎಮಲ್ಷನ್ ಬಣ್ಣಕ್ಕೆ ಸಮಪಾಲು ನೀರು ಬೆರೆಸಿ ಬಳಿದು ಬಟ್ಟೆಯಿಂದ ಒರೆಸುವುದು ಎಲ್ಲಕ್ಕಿಂತ ಬೇಗನೆ ಮುಗಿಯುವ ಕೆಲಸ. ಆದರೆ ಆ ಬಣ್ಣ ಇಟ್ಟಿಗೆಯ ಸಣ್ಣ ರಂಧ್ರಗಳೊಳಗೆ ಇಳಿದು ಒಣಗಿದ ಮೇಲೆ ಅದನ್ನು ಹಿಂದಕ್ಕೆ ತೆಗೆಯುವ ಉಪಾಯವಿಲ್ಲ, ಹಾಗೂ ಅದು ಗೋಡೆಯ ತೇವ ಹೊರಹೋಗುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಬಿಳಿ ಸಿಮೆಂಟಿಗೆ ಸಣ್ಣ ಮರಳು ಬೆರೆಸಿ, ಕರಣೆಯಿಂದ ಸಂದುಗಳ ಮೇಲೆ ಹರಡಿ, ಅಲ್ಲಲ್ಲಿ ಇಟ್ಟಿಗೆಯ ಮೈ ಇಣುಕುವಂತೆ ಕೆರೆದು ಬಿಡುವುದು ಎರಡನೆಯ ದಾರಿ. ಅದು ನೋಡಲು ಹಳೆಯ ಕೋಟೆಯ ಗೋಡೆಯಂತೆ ಸೊಗಸಾಗಿರುತ್ತದೆಯಾದರೂ ಒಮ್ಮೆ ಬಿಗಿದುಕೊಂಡರೆ ಉಳಿಯಿಂದ ಕೆತ್ತಿಯೇ ತೆಗೆಯಬೇಕು. ಮೂರನೆಯದು ಸುಣ್ಣ. ಸುಣ್ಣ ಉರಿಯುವ ವಸ್ತುವಲ್ಲ, ಗೋಡೆಯ ತೇವವನ್ನು ಒಳಗೆ ಕಟ್ಟಿಹಾಕುವುದಿಲ್ಲ, ಬಳಿದ ಮೊದಲ ಒಂದೆರಡು ದಿನಗಳಲ್ಲಿ ಮನಸ್ಸು ಬದಲಾದರೆ ನೀರು ಹಾಕಿ ತಿಕ್ಕಿ ಬಹುಪಾಲು ತೆಗೆದುಬಿಡಬಹುದು. ದಸರೆ ದೀಪಾವಳಿಗೆ ಮನೆಗೆ ಸುಣ್ಣ ಹಚ್ಚಿ ರೂಢಿಯಿರುವ ನಮ್ಮ ಕಡೆಯವರಿಗೆ ಹೊಸದಾಗಿ ಕಲಿಯಬೇಕಾದದ್ದು ಇಷ್ಟೇ: ಇಲ್ಲಿ ಸುಣ್ಣವನ್ನು ಮುಚ್ಚುವುದಕ್ಕಾಗಿ ಬಳಿಯುವುದಿಲ್ಲ.

ಮೊದಲು ಇಟ್ಟಿಗೆ ನೀರು ಕುಡಿಯುತ್ತದೆಯೇ ಎಂಬುದನ್ನು ನೋಡಬೇಕು. ಬೆರಳಿನಿಂದ ನಾಲ್ಕು ಹನಿ ನೀರನ್ನು ಬೇರೆ ಬೇರೆ ಕಡೆ ಚಿಮುಕಿಸಿ ಒಂದು ನಿಮಿಷ ಕಾಯಿರಿ. ಹನಿ ಹೀರಿಕೊಂಡು ಕಪ್ಪು ಕಲೆ ಉಳಿದರೆ ಸುಣ್ಣ ಹಿಡಿಯುತ್ತದೆ; ಹನಿ ಹನಿಯಾಗಿಯೇ ಜಾರಿ ಇಳಿದರೆ ಹಿಂದೆ ಯಾರೋ ವಾರ್ನಿಶ್ ಅಥವಾ ಸೀಲರ್ ಹಚ್ಚಿದ್ದಾರೆಂದು ತಿಳಿಯಬೇಕು. ಅಂಥ ಮೈಯ ಮೇಲೆ ಸುಣ್ಣ ಕೂಡುವುದಿಲ್ಲ, ಒಣಗಿದ ಮೇಲೆ ಹಪ್ಪಳದಂತೆ ಎದ್ದು ಬರುತ್ತದೆ. ಗೋಡೆಯ ಬುಡದಲ್ಲಿ ಬಿಳಿಯ ಸವಳು ಅರಳಿದ್ದರೆ ಒಣ ಬ್ರಶ್ಶಿನಿಂದ ಉದುರಿಸಿ, ತೇವ ಎಲ್ಲಿಂದ ಏರುತ್ತಿದೆ ಎಂಬುದನ್ನು ಪತ್ತೆ ಮಾಡಿ ನಿಲ್ಲಿಸಿದ ಮೇಲೆಯೇ ಮುಂದುವರಿಯಬೇಕು.

ಮಸಿ ತೆಗೆಯುವುದರಲ್ಲಿ ಎಲ್ಲರೂ ಮಾಡುವ ತಪ್ಪು, ಮೊದಲೇ ನೀರು ಹಾಕುವುದು. ಒಣ ಮಸಿ ಇಟ್ಟಿಗೆಯ ಮೇಲೆ ಹಗುರವಾಗಿ ಕುಳಿತಿರುತ್ತದೆ; ನೀರು ತಾಗಿದ ಕ್ಷಣ ಅದು ಶಾಯಿಯಾಗಿ ಒಳಕ್ಕಿಳಿಯುತ್ತದೆ. ಆದ್ದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೆಲಕ್ಕೆ ಹಳೆಯ ತಾಡಪತ್ರಿ ಹಾಸಿ, ತೆಂಗಿನ ನಾರಿನ ಬ್ರಶ್ಶಿನಿಂದ ಮೇಲಿನಿಂದ ಕೆಳಕ್ಕೆ ಒಣಗಿದ್ದಂತೆಯೇ ತಿಕ್ಕಿ ಉದುರಿಸಬೇಕು. ತಂತಿಯ ಬ್ರಶ್ಶು ಬೇಡ. ಅದರ ಮುರಿದ ಕಡ್ಡಿಗಳು ಸಂದಿನಲ್ಲಿ ಉಳಿದು, ಮುಂದೆ ಬಿಳಿಯ ಮೇಲೆ ತುಕ್ಕಿನ ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತವೆ. ಆಮೇಲೆ ಒಂದು ಲೀಟರು ಬಿಸಿನೀರಿಗೆ ಎರಡು ದೊಡ್ಡ ಚಮಚದಷ್ಟು ವಾಷಿಂಗ್ ಸೋಡಾ ಕರಗಿಸಿ, ಕೈಗೆ ರಬ್ಬರಿನ ಗವಸು ಹಾಕಿಕೊಂಡು, ಒಂದೊಂದು ಚದರಡಿಯಂತೆ ತಿಕ್ಕಿ ಕೂಡಲೇ ಸ್ವಚ್ಛ ನೀರಿನಿಂದ ಒರೆಸುತ್ತ ಬರಬೇಕು. ಬಾಯಿಯ ಮೇಲಂಚಿನಲ್ಲಿ ಹೊಗೆಯ ಜಿಡ್ಡು ಡಾಂಬರಿನಂತೆ ಅಂಟಿರುತ್ತದೆ. ಅಲ್ಲಿ ಸೋಡಾವನ್ನೇ ಸ್ವಲ್ಪ ನೀರಿನಲ್ಲಿ ಕಲಸಿ ಮೆತ್ತಿ, ಅರ್ಧ ತಾಸು ಬಿಟ್ಟು ತಿಕ್ಕಿದರೆ ಬಿಡುತ್ತದೆ. ಈ ಜಿಡ್ಡನ್ನು ಉಳಿಸಿದರೆ ಎಷ್ಟು ಸಲ ಸುಣ್ಣ ಬಳಿದರೂ ಹಳದಿ ಕಲೆ ಮೇಲಕ್ಕೆ ಒಸರುತ್ತಲೇ ಇರುತ್ತದೆ. ಇಟ್ಟಿಗೆ ತೊಳೆಯಲು ಆ್ಯಸಿಡ್ ಬಳಸುವವರಿದ್ದಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ನಮ್ಮ ಮನೆಗಳ ಶಹಾಬಾದ್ ಫರಸಿ ಸುಣ್ಣಕಲ್ಲಿನ ಜಾತಿಯದು, ಆ್ಯಸಿಡ್ಡಿನ ಒಂದು ಹನಿ ಬಿದ್ದರೂ ನೊರೆಯೆದ್ದು ಅದರ ನಯ ಹೋಗಿಬಿಡುತ್ತದೆ. ತೊಳೆದ ಗೋಡೆಗೆ ನಾಲ್ಕೈದು ದಿನ ಒಣಗಲು ಬಿಡಿ. ಉದುರಿದ ಸಂದುಗಳನ್ನು ಆ ನಡುವೆ ಸುಣ್ಣ ಮತ್ತು ಮರಳಿನ ಗಾರೆಯಿಂದ ತುಂಬಿಕೊಳ್ಳಬಹುದು.

ಇನ್ನು ಸುಣ್ಣದ ಆಯ್ಕೆ. ಮೊದಲ ಸಲ ನಾನು ಎಡವಿದ್ದು ಇಲ್ಲಿಯೇ. ಅಂಗಡಿಯೊಂದರಲ್ಲಿ ಬಾಯಿ ತೆರೆದಿಟ್ಟ ಚೀಲದಿಂದ ಪುಡಿಸುಣ್ಣ ತೂಗಿಸಿಕೊಂಡು ಬಂದು, ಕಲಸಿ, ಬಳಿದು, ಒಣಗಿದ ಮೇಲೆ ಬಲು ಚೆನ್ನಾಗಿದೆಯೆಂದು ಹಿಗ್ಗಿದೆ. ಮರುದಿನ ಮಾಮಿ ಅಗ್ಗಿಷ್ಟಿಕೆಯ ಮೇಲಿನ ಕಟ್ಟೆಯಲ್ಲಿದ್ದ ದೀಪದ ಸಮೆಯನ್ನು ಎತ್ತಿಕೊಂಡು ತಿರುಗುವಾಗ ಅವರ ಇಳಕಲ್ ಸೀರೆಯ ಸೆರಗಿಗೆ ಅರ್ಧ ಗೋಡೆಯೇ ಅಂಟಿಕೊಂಡು ಬಂದಿತು. ತಪ್ಪು ಸುಣ್ಣದ ವಯಸ್ಸಿನದು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಹರಳುಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಸೇರಿದಾಗ ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಗೋಡೆಯ ಮೇಲೆ ಆಗಬೇಕಾದ ಈ ಕೊನೆಯ ಕ್ರಿಯೆ ತೆರೆದ ಚೀಲದಲ್ಲೇ ಆಗಿಹೋಗಿದ್ದರೆ ನಾವು ಬಳಿಯುವುದು ಬರೀ ಸೀಮೆಸುಣ್ಣದ ಹುಡಿ. ಆದಕಾರಣ ಗಟ್ಟಿಯಾದ ಹರಳುಸುಣ್ಣವನ್ನೇ ಕೇಳಿ ತರಬೇಕು. ಗೋಲಿಯಷ್ಟು ದೊಡ್ಡ ಹರಳೊಂದನ್ನು ನೀರಿಗೆ ಹಾಕಿದಾಗ ಅದು ಸುಂಯ್ಯೆಂದು ಸದ್ದು ಮಾಡಿ, ಬಿರಿದು, ಬಿಸಿಯೇರಿದರೆ ಸುಣ್ಣಕ್ಕೆ ಜೀವವಿದೆ. ಸುಮ್ಮನೆ ಮುಳುಗಿ ಕುಳಿತರೆ ಅದನ್ನು ಹಿಂದಿರುಗಿಸಿ.

ಮೇಲೆ ಹೇಳಿದ ಅಳತೆಯ ಗೋಡೆಗೆ ಒಂದು ಕಿಲೋ ಹರಳುಸುಣ್ಣ ಬೇಕಾದಷ್ಟಾಯಿತು. ಒಂದು ಕಿಲೋ ಸುಣ್ಣಕ್ಕೆ ಸುಮಾರು 5 ಲೀಟರು ನೀರೆಂಬುದು ಸುಣ್ಣ ಬಳಿಯುವ ಕೆಲಸದಲ್ಲಿ ನಡೆದುಬಂದ ಲೆಕ್ಕ. ಇದನ್ನು ಅರಳಿಸಲು ಮಣ್ಣಿನ ಗುಡಾಣ ಅಥವಾ ಕಬ್ಬಿಣದ ಬಕೀಟು ಒಳ್ಳೆಯದು. ಅಲ್ಯೂಮಿನಿಯಮ್ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ, ತೆಳುವಾದ ಪ್ಲಾಸ್ಟಿಕ್ ಬಕೀಟು ಕಾವಿಗೆ ಮೆತ್ತಗಾಗುತ್ತದೆ. ಹಿತ್ತಲಿನಲ್ಲಿ, ಮಕ್ಕಳು ಸುಳಿಯದ ಕಡೆ, ಗುಡಾಣದಲ್ಲಿ ಮೊದಲು ಮೂರು ಲೀಟರು ನೀರು ತುಂಬಿ, ಹರಳುಗಳನ್ನು ಒಂದೊಂದಾಗಿ ನಿಧಾನವಾಗಿ ಬಿಡಬೇಕು. ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು. ಹಾಗೆ ಸುರಿದರೆ ಕುದಿಯುವ ಸುಣ್ಣ ಮುಖದೆತ್ತರಕ್ಕೆ ಸಿಡಿಯುತ್ತದೆ. ಮೊದಲು ಸಣ್ಣ ಗುಳ್ಳೆಗಳು ಏಳುತ್ತವೆ, ಹರಳಿನ ಅಂಚು ಬಿರಿದು ಬೆಣ್ಣೆಯಂತೆ ಜಾರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಡೀ ಗುಡಾಣ ಅಂಬಲಿ ಕುದಿಯುವಂತೆ ಲೊಟಲೊಟನೆ ಕುದಿದು ಬಿಸಿ ಹಬೆ ಬಿಡುತ್ತದೆ. ಉದ್ದನೆಯ ಕೋಲಿನಿಂದ ತಿರುವುತ್ತಿರಿ, ಬಗ್ಗಿ ನೋಡಬೇಡಿ. ಕಣ್ಣಿಗೆ ಮುಚ್ಚುಗನ್ನಡಕ, ಕೈಗೆ ಗವಸು, ಮೈತುಂಬ ಬಟ್ಟೆ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಕೂಡದು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೂಡಲೇ ಹರಿಯುವ ನೀರಿನಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಕಣ್ಣು ತೆರೆದು ತೊಳೆದು, ತಡಮಾಡದೆ ವೈದ್ಯರ ಬಳಿ ಹೋಗಬೇಕು. ಕುದಿ ಇಳಿದ ಮೇಲೆ ಉಳಿದ ನೀರನ್ನು ಸೇರಿಸಿ, ಮುಚ್ಚಿ, ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಡಬೇಕು. ಒಂದು ವಾರ ಬಿಟ್ಟರೆ ಇನ್ನೂ ನಯವಾಗುತ್ತದೆ. ಅನಂತರ ಹಳೆಯ ಧೋತರದ ಬಟ್ಟೆಯಲ್ಲಿ ಸೋಸಬೇಕು. ಸೋಸುವುದನ್ನು ಬಿಟ್ಟರೆ ಅರಳದೆ ಉಳಿದ ಕಣಗಳು ಗೋಡೆಯ ಮೇಲೆ ನಿಧಾನವಾಗಿ ಅರಳಿ, ಪುಟ್ಟ ಪುಟ್ಟ ಗುಳಿಗಳನ್ನು ಮಾಡುತ್ತವೆ.

ಅಂಟಿಗಾಗಿ ಲೀಟರಿಗೆ ನಾಲ್ಕು ಗ್ರಾಮಿನಂತೆ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಿದರೆ ಸಾಕು. ಬಣ್ಣದ ವಿಷಯದಲ್ಲಿ ಒಂದು ಮಾತು. ಗೋಡೆಗೆ ಸುಣ್ಣ ಹಚ್ಚುವಾಗ ಚಿಟಿಕೆ ನೀಲಿ ಹಾಕುವ ಅಭ್ಯಾಸ ನಮ್ಮಲ್ಲಿದೆ. ಕೆಂಪು ಇಟ್ಟಿಗೆಯ ಮೇಲೆ ಆ ನೀಲಿಮಿಶ್ರಿತ ಬಿಳುಪು ತಣ್ಣಗೆ, ಕೊಂಚ ಆಸ್ಪತ್ರೆಯಂತೆ ಕಾಣುತ್ತದೆ. ಬದಲಿಗೆ ಅರ್ಧ ಚಮಚ ಹಳದಿ ಮಣ್ಣಿನ ಪುಡಿಯನ್ನೋ ಚಿಟಿಕೆ ಕೆಮ್ಮಣ್ಣನ್ನೋ ಕದಡಿ ಸೋಸಿ ಸೇರಿಸಿದರೆ ಕೆನೆಯ ಬಣ್ಣ ಬರುತ್ತದೆ. ಕಬ್ಬಿಣದ ಅಂಶವಿರುವ ಈ ಮಣ್ಣಿನ ಬಣ್ಣಗಳು ಸುಣ್ಣದ ಕ್ಷಾರಕ್ಕೆ ಮಾಸುವುದಿಲ್ಲ.

ಬಳಿಯುವ ದಿನ, ಕಣ್ಣಿಗೆ ಬೀಳದ ಕೆಳಮೂಲೆಯ ನಾಲ್ಕು ಇಟ್ಟಿಗೆಗಳನ್ನು ಪರೀಕ್ಷೆಗೆಂದು ಇಟ್ಟುಕೊಳ್ಳಿ. ಒಂದಕ್ಕೆ ಒಮ್ಮೆ ಬಳಿದು ಬಿಡಿ, ಇನ್ನೊಂದಕ್ಕೆ ಬಳಿದು ಒರೆಸಿ, ಮೂರನೆಯದಕ್ಕೆ ಎರಡು ಸಲ ಬಳಿಯಿರಿ, ನಾಲ್ಕನೆಯದಕ್ಕೆ ಎರಡು ಸಲ ಬಳಿದು ಒರೆಸಿರಿ. ನಾಳೆಯವರೆಗೆ ಏನನ್ನೂ ನಿರ್ಧರಿಸಬೇಡಿ. ಹಸಿಸುಣ್ಣ ಗೋಡೆಯ ಮೇಲೆ ನೀರುಮಜ್ಜಿಗೆಯಂತೆ ಪಾರದರ್ಶಕವಾಗಿ ಕಾಣುತ್ತದೆ, ಏನೂ ಹಿಡಿದೇ ಇಲ್ಲವೆಂಬ ಸಂಶಯ ಬರುತ್ತದೆ, ಆ ಸಂಶಯದಲ್ಲಿ ಜನ ದಪ್ಪಗೆ ಬಳಿಯುತ್ತಾರೆ. ಬೆಳಗಾಗುವಷ್ಟರಲ್ಲಿ ಇಟ್ಟಿಗೆ ಮಾಯವಾಗಿ ಬರೀ ಬಿಳಿ ಗೋಡೆ ಎದುರಿಗೆ ನಿಂತಿರುತ್ತದೆ. ಪರೀಕ್ಷೆಯ ಇಟ್ಟಿಗೆಗಳು ಒಣಗಿದ ಮೇಲೆ ಮಾಮಾ ಕನ್ನಡಕ ಏರಿಸಿ ಬಗ್ಗಿ ನೋಡಿ, ಎರಡನೆಯದನ್ನು ತೋರಿಸಿ "ಇದು" ಎಂದರು. ನನಗೆ ಹಿಡಿಸಿದ್ದು ನಾಲ್ಕನೆಯದು. ಮನೆ ಅವರದು.

ಕೆಲಸದ ಕ್ರಮ ಹೀಗೆ. ಗೋಡೆಗೆ ನೀರು ಸಿಂಪಡಿಸಿ, ಒದ್ದೆಯಾಗಿರಬೇಕು ಆದರೆ ನೀರು ಇಳಿಯಬಾರದು. ಸುಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಪ್ರತಿ ಸಲ ಕುಂಚ ಅದ್ದುವ ಮೊದಲು ತಳದಿಂದ ಕದಡಿ, ನಾರಿನ ಅಗಲ ಕುಂಚದಿಂದ ಮೇಲಿನ ಸಾಲಿನಿಂದ ಆರಂಭಿಸಿ ಎರಡು ಅಡಿ ಅಗಲದ ಪಟ್ಟಿಯಷ್ಟನ್ನು ಮಾತ್ರ ಬಳಿಯಿರಿ. ಸಂದುಗಳಿಗೆ ಕುಂಚವನ್ನು ಚುಚ್ಚಿ ತುಂಬಬೇಕು, ಇಟ್ಟಿಗೆಯ ಮೈಮೇಲೆ ಹಗುರವಾಗಿ ಸವರಬೇಕು. ಹತ್ತು ಹದಿನೈದು ನಿಮಿಷದಲ್ಲಿ ಹೊಳಪು ಹೋಗಿ ಮಂಕಾಗುತ್ತದೆ. ಆಗ ಹಿಂಡಿದ ಒದ್ದೆ ಬಟ್ಟೆಯನ್ನು ಅಂಗೈಯಗಲ ಮಡಚಿ, ಇಟ್ಟಿಗೆಯ ಉಬ್ಬಿದ ಭಾಗವನ್ನಷ್ಟೇ ಒಮ್ಮೆ ಒರೆಸಿದರೆ ಕೆಂಪು ಇಣುಕುತ್ತದೆ, ತಗ್ಗಿನಲ್ಲಿ ಬಿಳುಪು ಉಳಿಯುತ್ತದೆ. ಎಲ್ಲ ಇಟ್ಟಿಗೆಗಳನ್ನೂ ಒಂದೇ ಸಮನೆ ಒರೆಸಿದರೆ ಅಚ್ಚಿನಲ್ಲಿ ಮುದ್ರಿಸಿದ ಕಾಗದದಂತಾಗುವುದರಿಂದ ಒಂದನ್ನು ಹೆಚ್ಚು, ಪಕ್ಕದ್ದನ್ನು ಕಡಿಮೆ ಒರೆಸುವುದು ಲೇಸು. ಬಟ್ಟೆಯನ್ನು ಆಗಾಗ ತೊಳೆದುಕೊಳ್ಳಿ, ಫರಸಿಯ ಮೇಲೆ ಬಿದ್ದ ಹನಿಯನ್ನು ಆಗಿಂದಾಗಲೇ ಒರೆಸಿ. ಮತ್ತೊಂದು ಸಲ ಬಳಿಯಬೇಕೆನಿಸಿದರೆ 24 ತಾಸು ಕಾದು, ಗೋಡೆಯನ್ನು ಮತ್ತೆ ತೇವ ಮಾಡಿಕೊಂಡೇ ಬಳಿಯಬೇಕು.

ಸುಣ್ಣ ಗಟ್ಟಿಯಾಗಲು ಗಾಳಿಯೂ ಬೇಕು, ಕೊಂಚ ತೇವವೂ ಬೇಕು. ಹುಬ್ಬಳ್ಳಿ, ಗದಗಿನ ಕಡೆಯ ಏಪ್ರಿಲ್ ತಿಂಗಳ ಬಿಸಿಗಾಳಿಯಲ್ಲಿ ಅದು ಗಟ್ಟಿಯಾಗುವ ಮೊದಲೇ ಒಣಗಿ ಹುಡಿಯಾಗುತ್ತದೆ. ಆ ಕಾಲದಲ್ಲಿ ಮಾಡುವುದೇ ಆದರೆ ಫ್ಯಾನು ಹಾಕದೆ, ಮೂರು ದಿನ ದಿನಕ್ಕೆರಡು ಸಲ ನೀರಿನ ಮಂಜು ಸಿಂಪಡಿಸಬೇಕು. ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಗೋಡೆಯೇ ಒಣಗುವುದಿಲ್ಲ. ಮಳೆ ಹಿಂದೆಗೆದ ಮೇಲೆ, ದಸರೆ ಮತ್ತು ದೀಪಾವಳಿಯ ನಡುವಣ ದಿನಗಳು ನನಗೆ ಅನುಕೂಲವೆನಿಸಿವೆ.

ಬೆಂಕಿ ಉರಿಯುವ ಒಳಗೂಡಿಗೆ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಹಚ್ಚಬೇಡಿ. ಜ್ವಾಲೆಗೆ ಅದು ಚಕ್ಕೆಯೆದ್ದು ಬೀಳುತ್ತದೆ, ಅಲ್ಲಿಯ ಕಪ್ಪು ಹೊರಗಿನ ಬಿಳುಪಿಗೆ ಒಪ್ಪುತ್ತದೆ ಕೂಡ. ಬಳಿದ ಒಂದು ವಾರದವರೆಗೆ ಬೆಂಕಿ ಹಾಕದೆ, ಮೊದಲ ಸಲ ನಾಲ್ಕು ಸಣ್ಣ ಕಟ್ಟಿಗೆಯನ್ನಷ್ಟೇ ಉರಿಸಿ. ಬಾಯಿಯ ಮೇಲಂಚು ವರ್ಷದೊಳಗೆ ಮತ್ತೆ ಮಸಿ ಹಿಡಿಯುತ್ತದೆ. ಆ ಒಂದು ಸಾಲನ್ನು ಒಣ ಬ್ರಶ್ಶಿನಿಂದ ಉಜ್ಜಿ ಮತ್ತೊಮ್ಮೆ ತೆಳುವಾಗಿ ಬಳಿದರೆ ಆಯಿತು, ಇಡೀ ಗೋಡೆಯನ್ನು ಮುಟ್ಟಬೇಕಾಗಿಲ್ಲ. ಅದಕ್ಕೆಂದು ಮಿಕ್ಕ ಸುಣ್ಣವನ್ನು ಚೆಲ್ಲದೆ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಗುಡಾಣದ ಬಾಯಿಯನ್ನು ಬಿಗಿಯಾಗಿ ಮುಚ್ಚಿಡಬೇಕು. ಗಾಳಿ ತಾಗದ ಸುಣ್ಣ ಕೆಡುವುದಿಲ್ಲ. ಮಾಮಾನ ಹಿತ್ತಲಿನ ಗುಡಾಣದಲ್ಲಿ ಉಳಿದಿದ್ದ ಸುಣ್ಣ ಆ ವರ್ಷ ತುಳಸಿಕಟ್ಟೆಗೂ ಆಯಿತು, ಅದಕ್ಕೆ ಮಾತ್ರ ಮಾಮಿ ಚಿಟಿಕೆ ನೀಲಿ ಹಾಕಿಕೊಂಡರು.