ಅಣುಶಕ್ತಿ ವಿಮಾನವಾಹಕ ನೌಕೆಗೆ ಬಿಡಿಭಾಗಗಳ ಪಟ್ಟಿ ಮಾಡುವ ಬಗೆ

ಅಣುಶಕ್ತಿ ನೌಕೆ ಎಂದೊಡನೆ ಮೊದಲು ನೆನಪಾಗುವುದು ಇಂಧನ. ಆದರೆ ಉಗ್ರಾಣದ ಪಟ್ಟಿಯಲ್ಲಿ ಅದು ಬರುವುದೇ ಇಲ್ಲ. ಅಮೆರಿಕದ ನಿಮಿಟ್ಜ್ ವರ್ಗದ (ಒಂದೇ ವಿನ್ಯಾಸದ) ನೌಕೆಗಳ ಆಯಸ್ಸು ಸುಮಾರು 50 ವರ್ಷ. ಅಷ್ಟರಲ್ಲಿ ಇಂಧನ ಬದಲಿಸುವುದು ಒಂದೇ ಸಲ, ಅದೂ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯಲ್ಲಿ. ನಡುಗಡಲಿನಲ್ಲಿ ಕೈಕೊಡುವುದು ವಾಲ್ವು, ಪಂಪಿನ ಸೀಲು, ಬೇರಿಂಗು, ಗ್ಯಾಸ್ಕೆಟ್ಟು, ಸರ್ಕ್ಯೂಟ್ ಬೋರ್ಡುಗಳಂಥವು.

ಪ್ರತಿ ಯಂತ್ರದ ಮುಂದೆ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳಿ: ಇದು ನಿಂತರೆ ಜೊತೆಗೆ ಏನೇನು ನಿಲ್ಲುತ್ತದೆ? ಇದರ ಕೆಲಸಕ್ಕೆ ಇನ್ನೊಂದು ಯಂತ್ರ ಇದೆಯೇ? ಸಿಬ್ಬಂದಿ ಹಡಗಿನಲ್ಲೇ ಇದನ್ನು ಬದಲಿಸಬಲ್ಲರೇ? ಮೂರನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ ಆ ಭಾಗ ದಡದ ಉಗ್ರಾಣಕ್ಕೆ ಸೇರಲಿ. ಹಡಗಿನಲ್ಲಿ ಜಾಗ ಯಾವಾಗಲೂ ಕಡಿಮೆಯೇ.

ಎಷ್ಟು ಇಟ್ಟುಕೊಳ್ಳಬೇಕೆಂದು ತಿಳಿಯಲು ಸವೆತದ ಲೆಕ್ಕ ಹಾಕಿ. ಇಳಿಯುವ ವಿಮಾನವನ್ನು ಹಿಡಿದು ನಿಲ್ಲಿಸುವ ಉಕ್ಕಿನ ಹಗ್ಗ ಸುಮಾರು 35 ಮಿಲಿಮೀಟರ್ ದಪ್ಪ. ಡೆಕ್ಕಿನ ಮೇಲೆ ಅಡ್ಡ ಬಿದ್ದಿರುವ ಆ ತುಂಡನ್ನು ಸುಮಾರು 125 ಇಳಿತಗಳಿಗೊಮ್ಮೆ ತೆಗೆದು ಹಾಕುತ್ತಾರೆ. ದಿನಕ್ಕೆ 80 ಇಳಿತ, ಅದರಲ್ಲಿ ಅರ್ಧ ಒಂದೇ ಹಗ್ಗದ ಪಾಲಿಗೆ ಎಂದಿಟ್ಟುಕೊಂಡರೆ ಮೂರು ದಿನಕ್ಕೆ ಆ ಹಗ್ಗದ ಆಯಸ್ಸು ಮುಗಿಯಿತು. ಡೆಕ್ಕಿನಲ್ಲಿ ನಾಲ್ಕು ಹಗ್ಗವಿದೆಯೆಂದು ಎಲ್ಲಕ್ಕೂ ಸಮನಾಗಿ ಹಂಚಿ ಲೆಕ್ಕ ಮಾಡಿದವರಿಗೆ ಅದು ಆರು ದಿನ ಬಾಳುತ್ತದೆ ಎಂಬ ತಪ್ಪು ಉತ್ತರ ಬರುತ್ತದೆ. ಭಾಗದ ಜೊತೆಗೆ ಜೋಡಣೆಯ ವಿಧಾನಪತ್ರವೂ ಸರಿಯಾಗಿರಬೇಕು. 2016ರ ಮಾರ್ಚ್‌ನಲ್ಲಿ ಅಮೆರಿಕದ ಐಸೆನ್‌ಹೋವರ್ ನೌಕೆಯಲ್ಲಿ ಇ-2ಸಿ ವಿಮಾನ ಇಳಿಯುವಾಗ ಕೇಬಲ್ ತುಂಡಾಗಿ 8 ನಾವಿಕರು ಗಾಯಗೊಂಡರು. ಅದಕ್ಕೂ ಮೊದಲು ನಡೆದ ದುರಸ್ತಿಯಲ್ಲಿ ಮುಖ್ಯ ಹೆಜ್ಜೆ ತಪ್ಪಿತ್ತು, ವಿಧಾನಪತ್ರದಲ್ಲೂ ವಿವರ ಸಾಲದಾಗಿತ್ತು ಎಂದು ತನಿಖೆ ಹೇಳಿತು.

‘ಎರಡು ಇಟ್ಟಿದ್ದೇವೆ, ಚಿಂತೆಯಿಲ್ಲ’ ಎನ್ನುವವರು ಫ್ರಾನ್ಸಿನ ಚಾರ್ಲ್ಸ್ ಡಿ ಗಾಲ್ ನೌಕೆಯನ್ನು ನೋಡಬೇಕು. 2000ದ ನವೆಂಬರಿನಲ್ಲಿ ಅಟ್ಲಾಂಟಿಕ್‌ನಲ್ಲಿ ಅದರ ಎಡ ಪ್ರೊಪೆಲ್ಲರಿನ ಅಲಗು ಮುರಿಯಿತು. ಪರೀಕ್ಷಿಸಿದಾಗ ಇನ್ನೊಂದು ಪ್ರೊಪೆಲ್ಲರಿನಲ್ಲೂ, ಕಾದಿರಿಸಿದ್ದ ಬಿಡಿಭಾಗಗಳಲ್ಲೂ ಅದೇ ಎರಕದ ದೋಷ. ತಯಾರಿಸಿದ ಕಂಪನಿ ಅಷ್ಟರಲ್ಲಿ ಮುಚ್ಚಿತ್ತು. ಕ್ಲೆಮಾನ್ಸೊ, ಫೋಶ್ ಎಂಬ ಹಳೆಯ ನೌಕೆಗಳ ಪ್ರೊಪೆಲ್ಲರ್ ಹಾಕಿ ಓಡಿಸಿದರು. 27 ನಾಟ್ ವೇಗ ಸುಮಾರು 24ಕ್ಕೆ ಇಳಿಯಿತು. ಹಾಗಾಗಿ ಬಿಡಿಭಾಗ ಬೇರೆ ಸಲದ ಎರಕದ್ದಾಗಿರಲಿ. ಅದನ್ನು ಕೊಂಡ ದಿನವೇ ಅಲ್ಟ್ರಾಸೌಂಡ್ ಅಥವಾ ಎಕ್ಸ್‌ರೇ ಪರೀಕ್ಷೆ ಮಾಡಿಸಿ. ನಕ್ಷೆಯ ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.

ರಿಯಾಕ್ಟರ್ ಕಡೆಯ ಭಾಗಗಳಿಗೆ ಕಾಗದವೂ ಲೋಹದಷ್ಟೇ ಮುಖ್ಯ. ಎರಕದ ಸಂಖ್ಯೆ, ಪರೀಕ್ಷಾ ಪತ್ರ, 13 ಅಂಕಿಯ ದಾಸ್ತಾನು ಸಂಖ್ಯೆ ಮೂರೂ ತಾಳೆಯಾಗದಿದ್ದರೆ ಭಾಗ ಎಷ್ಟೇ ಹೊಸದಿದ್ದರೂ ಜೋಡಿಸಬೇಡಿ. ಸ್ಟೇನ್‌ಲೆಸ್ ಉಕ್ಕನ್ನು ಬರಿಗೈಯಲ್ಲಿ ಮುಟ್ಟಬಾರದು. ಕ್ಲೋರೈಡ್ (ಉಪ್ಪಿನಲ್ಲಿರುವ ಅಂಶ) ಇರುವ ಟೇಪು, ಶಾಯಿ ತಾಗಬಾರದು. ಬಿಸಿ ನೀರು, ಎಳೆತ, ಕ್ಲೋರೈಡ್ ಮೂರೂ ಕೂಡಿದ ಕಡೆ ಲೋಹ ಒಳಗಿಂದೊಳಗೇ ಬಿರುಕು ಬಿಡುತ್ತದೆ. ಸೋರಿಕೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗಿಗೆ, ಪೊಟ್ಟಣದಲ್ಲೇ ವಯಸ್ಸಾಗುತ್ತದೆ, ತಯಾರಿಕೆಯ ದಿನಾಂಕ ನೋಡಿಯೇ ತೆಗೆದುಕೊಳ್ಳಿ.

ಸಾಗಣೆಯ ಅಳತೆಯನ್ನೂ ಪಟ್ಟಿಯಲ್ಲಿ ಬರೆಯಿರಿ. ಎಫ್-35 ವಿಮಾನದ ಎಂಜಿನ್ ಘಟಕ ಹಳೆಯ ಸಿ-2 ಸಾಗಣೆ ವಿಮಾನದೊಳಗೆ ಹಿಡಿಸುತ್ತಿರಲಿಲ್ಲ, ಅದರ ಬದಲಿಗೆ ಬಂದ ಸಿಎಂವಿ-22ರೊಳಗೆ ಹಿಡಿಸುತ್ತದೆ.

ಒಂದೇ ಒಂದು ನೌಕೆಯಿರುವ ವರ್ಗದ ಪಾಡು ಎಲ್ಲಕ್ಕಿಂತ ಕಷ್ಟ. 1961ರ ಅಮೆರಿಕದ ಎಂಟರ್‌ಪ್ರೈಸ್ ನೌಕೆಗೆ ಎಂಟು ರಿಯಾಕ್ಟರ್‌ಗಳಿದ್ದವು. ಆ ಜೋಡಣೆಯ ಇನ್ನೊಂದು ನೌಕೆಯನ್ನು ಕಟ್ಟಲೇ ಇಲ್ಲ. ಹೊಸ ವರ್ಗದ ಮೊದಲ ನೌಕೆಗೂ ಇದೇ ತೊಂದರೆ: ಅಮೆರಿಕದ ಫೋರ್ಡ್ ನೌಕೆಗೆ ಬೇಕಾದ ಕೆಲವು ಭಾಗಗಳನ್ನು, ಇನ್ನೂ ಕಟ್ಟುತ್ತಿದ್ದ ಅದೇ ವರ್ಗದ ಕೆನಡಿ ನೌಕೆಯಿಂದ ಕಿತ್ತು ತರಬೇಕಾಯಿತು. ಹೀಗೆ ಕಿತ್ತರೆ ಬಿಚ್ಚುವ, ಜೋಡಿಸುವ ಕೆಲಸ ಎರಡು ಪಟ್ಟು. ಕಿತ್ತ ಜಾಗದಲ್ಲಿ ಚೀಟಿ ಕಟ್ಟಿ, ಅದೇ ದಿನ ಬದಲಿ ಭಾಗಕ್ಕೆ ಬೇಡಿಕೆ ಕಳಿಸಿ.