ಶೆಡ್ಡಿನ್ಯಾಗ ಮಲಗಿದ ಡಾಜ್ ಗಾಡಿ ಎಬ್ಬಿಸೂದು ಹೆಂಗ

ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಾಪುರ ಕಡೆ ಹಳೇ ವಾಡೇದ ಹಿಂದಿನ ಶೆಡ್ಡಿನ್ಯಾಗ, ಜಿನ್ನಿಂಗ್ ಮಿಲ್ಲಿನ ಗೋಡೌನಿನ್ಯಾಗ ಇನ್ನೂ ಒಂದಿಷ್ಟು ಅಮೆರಿಕನ್ ಗಾಡಿ ಮಲಗ್ಯಾವ ನೋಡ್ರಿ. ಡಾಜ್, ಪ್ಲಿಮತ್, ಶೆವರ್ಲೆ. ಮ್ಯಾಲ ಶೇಂಗಾ ಹೊಟ್ಟಿನ ಚೀಲ, ಬಾನೆಟ್ ಮ್ಯಾಲ ಕೋಳಿ, ಸೀಟಿನ ನಾರಿನ್ಯಾಗ ಇಲಿ ಸಂಸಾರ. ಅಜ್ಜ ತಗೊಂಡಿದ್ದು, ಅಪ್ಪ ಓಡಿಸಿದ್ದು, ಪೆಟ್ರೋಲ್ ತುಟ್ಟಿ ಆತು ಅಂತ ಯಾವಾಗೋ ನಿಲ್ಲಿಸಿದ್ದು. ಈಗ ಮೊಮ್ಮಗ ಪುಣೆದಿಂದ ದೀಪಾವಳಿಗೆ ಬರತಾನ, ಧೂಳ ಒರಸಿ ನಾಕ ಫೋಟೋ ತಗದು ಸ್ಟೇಟಸ್ ಹಾಕತಾನ, "ಕಾಕಾ, ಚಾಲೂ ಮಾಡೂಣ ನಡೀರಿ" ಅಂತಾನ. ಇದು ಅವನ ಸಲುವಾಗಿ ಬರದದ್ದು. ಅದೂ ಬರೇ ಎಬ್ಬಿಸೂದರ ಬಗ್ಗೆ, ಶೋರೂಮಿಂದ ಈಗಷ್ಟ ಬಂದಂಗ ಮಾಡೂದರ ಬಗ್ಗೆ ಅಲ್ಲ, ಅದಕ್ಕ ಬ್ಯಾರೇ ರೊಕ್ಕ ಬೇಕು, ಬ್ಯಾರೇ ಹುಚ್ಚ ಬೇಕು.

ಮೊದಲ ಚಾವಿ ಮುಟ್ಟಬ್ಯಾಡ್ರಿ. ಗಾಡಿ ಸುತ್ತ ನಾಕ ಮಂದಿ ಕೂಡಿದ್ರಂದ್ರ ಒಬ್ಬಾಂವ ಟ್ರ್ಯಾಕ್ಟರ್ ಬ್ಯಾಟರಿ ತಂದ ತರತಾನ, ಇನ್ನೊಬ್ಬಾಂವ "ತಳ್ಳೂಣ, ಸೆಕೆಂಡ್ ಗೇರಿಗೆ ಹಾಕಿ ಬಿಡ್ರಿ" ಅಂತಾನ. ಇಬ್ಬರಿಗೂ ಚಾ ಕೊಟ್ಟು ಕೂಡಸ್ರಿ. ವರ್ಷಗಟ್ಟಲೆ ನಿಂತ ಇಂಜಿನ್ ಒಳಗ ಪಿಸ್ಟನ್ ರಿಂಗು ಜಂಗ ಹಿಡದು ಬೋರಿಗೆ, ಅಂದ್ರ ಪಿಸ್ಟನ್ ಓಡಾಡೂ ಕೊಳವಿಗೆ, ಕಚ್ಚಿರತಾವ, ವಾಲ್ವ್ ಜಾಮ್ ಆಗಿ ನಿಂತಲ್ಲೇ ನಿಂತಿರತಾವ, ಜೋರ ಮಾಡಿ ತಿರುಗಿಸಿದ್ರ ರಿಂಗ್ ಮುರೀತಾವ ಇಲ್ಲಾ ಬೋರ್ ಗೀರಿ ಹೋಗತೈತಿ, ಆಮ್ಯಾಲ ಕುಂತು ಅಳೂದಷ್ಟ. ಅದೂ ಅಲ್ಲದ ಈ ಗಾಡಿ ಬಹಳಷ್ಟು 6 ವೋಲ್ಟಿನವು, ಟ್ರ್ಯಾಕ್ಟರಿನ 12 ವೋಲ್ಟ್ ಕೊಟ್ರ ಬಲ್ಬ್, ಮೀಟರ್, ಇದ್ರ ಆ ಹಳೇ ವಾಲ್ವ್ ರೇಡಿಯೋ ಎಲ್ಲಾ ಒಂದ ಸಲಕ್ಕ ಢಮಾರ್.

ಅದಕ್ಕೂ ಮೊದಲ ಇದು ಯಾವ ಗಾಡಿ ಅಂತ ಗೊತ್ತ ಮಾಡ್ಕೋರಿ. ಇವು ಎಲ್ಲಾ ಪೂರಾ ತಯಾರಾಗಿ ಅಮೆರಿಕಾದಿಂದ ಹಡಗಿನ್ಯಾಗ ಬಂದವಲ್ಲ. ಜನರಲ್ ಮೋಟರ್ಸ್‌ನವರು 1928ರಾಗ ಮುಂಬೈದಾಗ ಶೆವರ್ಲೆ ಜೋಡಸೂ ಕಾರಖಾನಿ ಹಾಕಿ 1954ಕ್ಕ ಬಂದ್ ಮಾಡ್ಕೊಂಡು ಹ್ವಾದ್ರು. ವಾಲಚಂದ ಹಿರಾಚಂದರು 1944ರಾಗ ಕಟ್ಟಿದ ಪ್ರೀಮಿಯರ್ ಕಂಪನಿ ಮುಂಬೈ ಕುರ್ಲಾದಾಗ ಅಮೆರಿಕಾದ ಕ್ರೈಸ್ಲರ್ ಕಂಪನಿಯ ಡಾಜ್, ಪ್ಲಿಮತ್, ಡಿಸೋಟೊ ಜೋಡಸ್ತಿತ್ತು. ನಮ್ಮ ಜಿಲ್ಲಾಗಳು 1956ರ ತನಕಾ ಮುಂಬೈ ರಾಜ್ಯದಾಗ ಇದ್ವು, ಹತ್ತಿ ಶೇಂಗಾ ವ್ಯಾಪಾರ ಎಲ್ಲಾ ಆ ಕಡೀಗೇ, ಅದಕ್ಕ ಗಾಡೀನೂ ಆ ಕಡಿಂದ ಬಂದವು. ಕೆಲಸಕ್ಕ ಬರೂ ಮಾತು ಏನಂದ್ರ, ಡಾಜ್ ಕಿಂಗ್ಸ್‌ವೇ ಅನ್ನೂದು ಡಾಜಿನ ಗ್ರಿಲ್ ಹಾಕಿದ ಪ್ಲಿಮತ್. ಹಂಗಾಗಿ ಡಾಜ್ ಸಾಮಾನು ಸಿಗವಲ್ದು ಅಂತ ತಲಿ ಮ್ಯಾಲ ಕೈ ಹೊತ್ತ ಕೂಡಬ್ಯಾಡ್ರಿ, ಪ್ಲಿಮತ್ ಹೆಸರಿನ್ಯಾಗ ಹುಡುಕ್ರಿ. ಇಂಜಿನ್ ನಂಬರ್ ಬ್ಲಾಕಿನ ಎಡಕ್ಕ ಡೈನಮೋದ ಮ್ಯಾಲ ಒಂದು ಸಣ್ಣ ಸಪಾಟ ಜಾಗಾದಾಗ ಹೊಡದಿರತಾರ, ಮ್ಯಾಲ ಜಿಡ್ಡು ಗಟ್ಟಿಯಾಗಿರತೈತಿ, ಸೀಮೆಎಣ್ಣಿ ಹಚ್ಚಿ ತಂತಿ ಬ್ರಶ್ಶಲೆ ತಿಕ್ಕ್ರಿ. ಪಿ15 ಅಂತಿದ್ರ 1946ರಿಂದ 48ರ ಪ್ಲಿಮತ್ ಇಂಜಿನ್. ಹೆಡ್ ಗ್ಯಾಸ್ಕೆಟ್, ಅಂದ್ರ ಇಂಜಿನ್ನಿನ ಮುಚ್ಚಳದ ಕೆಳಗಿನ ಪದರ, ತರಸೂ ಮೊದಲ ಟೇಪ್ ಹಿಡದು ಹೆಡ್ಡಿನ ಉದ್ದ ಅಳೀರಿ, ಈ ಇಂಜಿನ್ 23 ಇಂಚಿಂದು ಒಂದು, 25 ಇಂಚಿಂದು ಒಂದು, ಒಂದರ ಗ್ಯಾಸ್ಕೆಟ್ ಇನ್ನೊಂದಕ್ಕ ಕೂಡೂದಿಲ್ಲ. ಬಾನೆಟ್ ಎತ್ತಿದ್ರ ಒಳಗ ಡೀಸೆಲ್ ಇಂಜಿನ್ ಕುಂತಿದ್ರ ಆಶ್ಚರ್ಯ ಪಡಬ್ಯಾಡ್ರಿ, ಎಷ್ಟೋ ಮಂದಿ ಖರ್ಚ ಉಳಸಾಕ ಹಂಗ ಮಾಡಿಸ್ಯಾರ, ಆದ್ರ ಅದರಿಂದ ಮುಂದ ಕಾಗದಪತ್ರದಾಗ ತಕರಾರ ಬರತೈತಿ.

ಈಗ ಕೆಲಸ. ಎಲ್ಲಾರೂ ಇಂಜಿನ್ನಿಂದ ಶುರು ಮಾಡತಾರ, ನಾ ಹೇಳೂದು ಬ್ರೇಕಿಂದ ಶುರು ಮಾಡ್ರಿ. ಯಾಕಂದ್ರ ಇಂಜಿನ್ ಒಮ್ಮೆ ಗುರ್ ಅಂತು ಅಂದ್ರ ಯಾರಿಗೂ ತಾಳ್ಮಿ ಇರೂದಿಲ್ಲ, ಓಣಿ ತುದಿ ತನಕಾ ಒಂದ ರೌಂಡ್ ಅಂತಾರ, ಓಣಿ ತುದಿಗೆ ಮೇನ್ ರೋಡ್ ಇರತೈತಿ. ಹಳೇ ಗಾಡ್ಯಾಗ ಪೆಡಲ್ ಒತ್ತಿದ್ರ ಬ್ರೇಕ್ ಎಣ್ಣಿ ದಬ್ಬೂ ಮಾಸ್ಟರ್ ಸಿಲಿಂಡರ್ ಒಂದ, ಲೈನೂ ಒಂದ, ಯಾವದರ ಒಂದು ಹೋಸ್ ಒಡೀತಂದ್ರ ನಾಕೂ ಗಾಲಿ ಬ್ರೇಕ್ ಖಲ್ಲಾಸ್. ಹ್ಯಾಂಡ್ ಬ್ರೇಕ್ ಜಗ್ಗೂಣಂದ್ರ ಡಾಜ್ ಪ್ಲಿಮತ್ತಿನ್ಯಾಗ ಅದು ಗಾಲಿಗಿಲ್ಲ, ಗೇರ್ ಬಾಕ್ಸಿನ ಹಿಂದ ಶಾಫ್ಟಿನ ಡ್ರಮ್ಮಿಗೆ ಐತಿ, ನಿಂತ ಗಾಡಿ ಹಿಡೀಲಿಕ್ಕೆ ಮಾಡಿದ್ದು, ಓಡೂ ಗಾಡಿ ನಿಲ್ಲಸಾಕ ಅಲ್ಲ.

ಗಾಲಿ ಬಿಚ್ಚೂ ಮುಂದ ಒಂದು ಮಾತು ನೆನಪಿಡ್ರಿ, ಕ್ರೈಸ್ಲರ್ ಗಾಡಿಗಳಿಗೆ ಎಡಗಡೆ ಎರಡೂ ಗಾಲಿ ಬೋಲ್ಟ್ ಉಲ್ಟಾ ಥ್ರೆಡ್ಡಿನವು, ಬಲಕ್ಕ ತಿರುವಿದ್ರ ಬಿಚ್ಚತಾವ. ಇದು ಗೊತ್ತಿಲ್ಲದ ಗ್ಯಾರೇಜಿನ ಹುಡುಗೂರು ಪಾನಾಕ್ಕ ಪೈಪ್ ಹಾಕಿ ಅದರ ಮ್ಯಾಲ ನಿಂತು ಕುಣೀತಾರ, ಕಡೀಕ ಬೋಲ್ಟ್ ಮುರೀತೈತಿ. ಬೋಲ್ಟಿನ ತಲಿ ಮ್ಯಾಲ ಎಲ್ ಅಂತ ಅಕ್ಷರ ಇದ್ರೂ ಇರಬಹುದು, ಒರಸಿ ನೋಡ್ರಿ. ಹಿಂದಿನ ಡ್ರಮ್ ಮತ್ತ ಬ್ಯಾರೇನ ಕಥಿ, ಅದು ಟೇಪರ್ ಆದ ಆಕ್ಸಲ್ ಮ್ಯಾಲ ಚಾವಿ ಹಾಕಿ ಬಿಗಿದಿರತಾರ, ಹಾತೋಡಿಲೆ ಹೊಡದ್ರ ಬರೂದಿಲ್ಲ, ಆಕ್ಸಲ್ ತುದಿಗೆ ಹೊಡದ್ರಂತೂ ಒಳಗಿನ ಬೇರಿಂಗ್ ಹಾಳ. ಡ್ರಮ್ ಜಗ್ಗಿ ತಗಿಯೂ ಪುಲ್ಲರ್ ಬೇಕು, ಗಟ್ಟಿಮುಟ್ಟಾದ್ದು. ಅಂಗಡ್ಯಾಗ ಸಿಗಲಿಲ್ಲಂದ್ರ ಉದ್ಯಮಬಾಗಿಗೆ ಹೋಗ್ರಿ. ಬೆಳಗಾವಿ ಮಂದಿಗೆ ಇರೂ ದೊಡ್ಡ ಅನುಕೂಲ ಅಂದ್ರ ಇದ ನೋಡ್ರಿ, ಫೌಂಡ್ರಿ, ಲೇಥ್, ಹೈಡ್ರಾಲಿಕ್ ಎಲ್ಲಾ ಒಂದ ಏರಿಯಾದಾಗ. ಮೂರು ಬೋಲ್ಟಿನ ಪುಲ್ಲರ್ ಮಾಡಿ ಕೊಡ್ರಿ ಅಂತ ಕಾಗದ ಮ್ಯಾಲ ಗೆರಿ ಎಳದು ತೋರಿಸಿದ್ರ ಸಾಕು. ಗಾಲಿಯೊಳಗಿನ ಬ್ರೇಕ್ ದಬ್ಬೂ ವ್ಹೀಲ್ ಸಿಲಿಂಡರ್ ಒಳಗ ಜಂಗಿನ ಗುಳಿ ಬಿದ್ದಿದ್ರ ಅದಕ್ಕ ಹಿತ್ತಾಳಿ ಇಲ್ಲಾ ಸ್ಟೀಲಿನ ಸ್ಲೀವ್ ಹಾಕಿ ಒಳಗ ನುಣ್ಣಗ ಹೋನ್ ಮಾಡಿ ಕೊಡತಾರ. ಅದರ ಒಳಗಿನ ರಬ್ಬರ್ ಕಪ್ಪಿನ ಮ್ಯಾಲ ಇಂಚಿನ ಸೈಜ್ ಬರದಿರತೈತಿ, ಹಳೇ ಕಪ್ ಕಿಸೇದಾಗ ಹಾಕ್ಕೊಂಡು ಹೋಗ್ರಿ, ಬಾಯಿಲೆ ಹೇಳಿದ್ರ ಅಂಗಡ್ಯಾಂವ ತನಗ ತಿಳಿದದ್ದು ಕೊಡತಾನ. ಹೋಸ್ ಮಾತ್ರ ನೋಡಾಕ ಚಲೋ ಕಂಡ್ರೂ ಎಲ್ಲಾ ಹೊಸಾವ ಹಾಕ್ರಿ, ಇದರಾಗ ಚೌಕಾಶಿ ಬ್ಯಾಡ.

ಇಂಜಿನ್. ಆರೂ ಪ್ಲಗ್ ಬಿಚ್ರಿ, ಬಿಚ್ಚೂ ಮೊದಲ ವೈರಿಗೆ ಟೇಪ್ ಹಚ್ಚಿ ನಂಬರ್ ಬರೀರಿ, ರೇಡಿಯೇಟರ್ ಕಡಿಂದ ಒಂದು. ಡಾಜ್ ಇರಲಿ ಶೆವರ್ಲೆ ಇರಲಿ ಸಿಕ್ಸ್ ಸಿಲಿಂಡರಿನ ಫೈರಿಂಗ್ ಆರ್ಡರ್, ಅಂದ್ರ ಸಿಲಿಂಡರಿನ್ಯಾಗ ಕಿಡಿ ಬೀಳೂ ಸರದಿ, 1-5-3-6-2-4. ಪ್ರತಿ ಹೋಲಿನ್ಯಾಗ ಡೀಸೆಲ್ ಮತ್ತ ಇಂಜಿನ್ ಆಯಿಲ್ ಅರ್ಧಕ್ಕರ್ಧ ಕೂಡಿಸಿ ಸುರುವಿ ಮುಚ್ಚಿ ಬಿಡ್ರಿ. ಒಂದು ವಾರ ಆ ಕಡೆ ಹೋಗಬ್ಯಾಡ್ರಿ, ದಿನಾ ಮುಂಜಾನೆ ಕಡ್ಡಿ ಹಾಕಿ ನೋಡೂದು ಬ್ಯಾಡ, ಮನ್ಯಾಗ ಬ್ಯಾರೇ ಕೆಲಸ ಇರತಾವಲ್ಲ. ಆಮ್ಯಾಲ ಪ್ಲಗ್ ಇಲ್ಲದಂಗನ, ಮುಂದಿನ ಪುಲ್ಲಿಗೆ ಪಾನಾ ಹಾಕಿ ಕೈಲೆ ಒಂದಿಂಚು ಮುಂದ, ಒಂದಿಂಚು ಹಿಂದ. ಅಲ್ಲಾಡಿತು ಅಂದ್ರ ಅರ್ಧ ಗೆದ್ದಂಗ. ಅಲ್ಲಾಡಲಿಲ್ಲ ಅಂದ್ರ ಮತ್ತ ಎಣ್ಣಿ, ಮತ್ತ ವಾರ.

ಡಾಜ್ ಪ್ಲಿಮತ್ ಇಂಜಿನ್ ಫ್ಲಾಟ್ ಹೆಡ್. ಅಂದ್ರ ವಾಲ್ವ್ ಮ್ಯಾಲ ಇಲ್ಲ, ಪಿಸ್ಟನ್ನಿನ ಬಾಜೂಕ ಬ್ಲಾಕಿನ್ಯಾಗ ನಿಂತಾವ, ಹೆಡ್ ಅನ್ನೂದು ಬರೇ ಬೀಡಿನ ಮುಚ್ಚಳ. ಅದಕ್ಕ ನನಗ ಈ ಇಂಜಿನ್ ಮ್ಯಾಲ ಭಾಳ ಪ್ರೀತಿ, ಏನೂ ಮುಚ್ಚಿಟ್ಟಿಲ್ಲ, ಹೊಲದಾಗ ನಿಂತು ಪಾನಾ ಸ್ಕ್ರೂಡ್ರೈವರ್ ಇದ್ದಾಂವ ಬಿಚ್ಚಿ ಜೋಡಸಲಿ ಅಂತನ ಮಾಡಿದ್ದು. ಮುಚ್ಚಳ ತಗದು ಕೈಲೆ ಇಂಜಿನ್ ತಿರುಗಿಸ್ರಿ, ಒಂದೊಂದ ವಾಲ್ವ್ ಏರೂದು ಇಳಿಯೂದು ಕಣ್ಣಿಗೆ ಕಾಣತೈತಿ, ಏರಿ ಇಳೀಲಾರದ ನಿಂತದ್ದಕ್ಕ ಕಾಂಡಕ್ಕ ಡೀಸೆಲ್ ಬಿಟ್ಟು, ಹಾತೋಡಿ ಕಾವಿನ ಕಟಗೀಲೆ ಟಕ್ ಟಕ್ ಅಂತ ಸಮಾಧಾನಲೆ ಬಡೀರಿ. ಇಳೀತೈತಿ. ಕೆಳಗ ಎಣ್ಣಿ ಕೂಡೂ ಆಯಿಲ್ ಸಂಪ್ ಬಿಚ್ಚಲಾರದ ಹೊಸ ಆಯಿಲ್ ಹಾಕಬ್ಯಾಡ್ರಿ, ತಳದಾಗ ಕೆಸರು ಬೆಳಗಾವಿ ಕುಂದಾದಂಗ ಗಟ್ಟಿಯಾಗಿ ಕುಂತಿರತೈತಿ, ಈಗಿನ ಆಯಿಲ್ ಅದನ್ನ ಕರಗಿಸಿ ಎತ್ತಿ ಪಂಪಿನ ಜಾಳಗಿಗೆ ತುಂಬತೈತಿ, ಬೇರಿಂಗಿಗೆ ಎಣ್ಣಿ ಹೋಗೂದ ನಿಲ್ಲತೈತಿ.

ನೀರಿನ ಕಡೆ ಇನ್ನೊಂದು ಗುಟ್ಟೈತಿ, ಹೊಸ ಹುಡುಗೂರಿಗೆ ಗೊತ್ತ ಇರೂದಿಲ್ಲ. ಈ ಬ್ಲಾಕಿನ ಒಳಗ ವಾಟರ್ ಪಂಪಿನ ಹಿಂದಿಂದ ಕಡೀ ಸಿಲಿಂಡರ್ ತನಕಾ ಒಂದು ತೆಳ್ಳನ ತಗಡಿನ ಕೊಳವಿ ಹೋಗೇತಿ, ಎಕ್ಸಾಸ್ಟ್ ವಾಲ್ವಿಗೆ ತಂಪ ನೀರು ಹಂಚೂದು ಅದರ ಕೆಲಸ. ಜಂಗ ತಿಂದು ಅದು ಉದುರಿ ಹೋಗಿರತೈತಿ, ಆಗ ಮುಂದಿನ ಸಿಲಿಂಡರ್ ತಂಪ, ಹಿಂದಿನವು ಕಾದ ಹೆಂಚು, ಟೆಂಪರೇಚರ್ ಮೀಟರ್ ಮಾತ್ರ ಎಲ್ಲಾ ಬರೋಬರಿ ಐತಿ ಅಂತ ತೋರಸ್ತಿರತೈತಿ. ವಿಜಾಪುರದ ಏಪ್ರಿಲ್ ಬಿಸಲಾಗ ಇಂಥ ಗಾಡಿ ತಗೊಂಡು ಹೊಂಟ್ರ ಗೋಳಗುಮ್ಮಟ ಕಾಣೂದರೊಳಗ ವಾಲ್ವ್ ಸುಡತೈತಿ. ರೇಡಿಯೇಟರ್, ಪಂಪ್ ಬಿಚ್ಚಿ ಕೊಕ್ಕಿ ಹಾಕಿ ಜಗ್ಗಿ ತಗೀರಿ, ಹಿತ್ತಾಳಿ ತಗಡಿಂದ ಹೊಸದು ಮಾಡಸ್ರಿ, ತೂತಿನ ಜಾಗಾ ಹಳೇದು ನೋಡ್ಕೊಂಡ ಮಾಡಸ್ರಿ.

ಪೆಟ್ರೋಲ್ ಟ್ಯಾಂಕ್ ಸದ್ಯಕ್ಕ ಮರೀರಿ, ಅದರಾಗ ಇರೂದು ಪೆಟ್ರೋಲ್ ಅಲ್ಲ ವಾರ್ನಿಶ್. ಒಂದು ಕ್ಯಾನಿನಿಂದ ಸಣ್ಣ ಪೈಪಲೆ ಕೊಟ್ಟು ಚಾಲೂ ಮಾಡಿ ನೋಡ್ರಿ, ಟ್ಯಾಂಕ್ ಆಮ್ಯಾಲ ತೊಳಿಸಬಹುದು. ಕ್ಯಾನ್ ಎಕ್ಸಾಸ್ಟಿಂದ ದೂರ ಇರಲಿ, ಬೀಡಿ ಸೇದವ್ರು ಅದಕಿಂತ ದೂರ ಇರಲಿ. ಈಗ ಬಂಕಿನ್ಯಾಗ ಸಿಗೂದು ಇ20, ನೂರಕ್ಕ ಇಪ್ಪತ್ತು ಎಥನಾಲ್. ಮಜಾ ನೋಡ್ರಿ, ಮುಧೋಳ, ಜಮಖಂಡಿ, ಅಥಣಿ ಕಡೆ ನಮ್ಮ ಕಬ್ಬಿನಿಂದನ ಆಗೂ ಎಥನಾಲ್, ನಮ್ಮ ಅಜ್ಜನ ಗಾಡಿಯ ಪೆಟ್ರೋಲ್ ಪಂಪಿನ ರಬ್ಬರ್ ಪರದೆ, ಅಂದ್ರ ಡಯಾಫ್ರಾಮ್, ತಿಂತೈತಿ. ಕಬ್ಬಿನ ಬಿಲ್ಲಿನ ರೊಕ್ಕದಾಗನ ರಬ್ಬರ್ ಬದಲಸ್ಬೇಕು, ವಿಟಾನ್ ಅನ್ನೂ ಜಾತಿ ರಬ್ಬರ್ ಕೇಳ್ರಿ, ಅದು ತಡಕೊಂತೈತಿ. ಎಥನಾಲ್ ಗಾಳ್ಯಾಗಿನ ನೀರು ಎಳಕೊಂತೈತಿ, ಖಾನಾಪುರ ಕಡೆ ಮಳಿಗಾಲದಾಗಂತೂ ಕೇಳಬ್ಯಾಡ್ರಿ, ಅದಕ್ಕ ತಿಂಗಳಗಟ್ಟಲೆ ಟ್ಯಾಂಕಿನ್ಯಾಗ ಬಿಡಬ್ಯಾಡ್ರಿ. ಪ್ರೀಮಿಯಮ್ ಪೆಟ್ರೋಲ್ ಬೇಕಾ ಅಂತ ಕೇಳತಾರ, ಬ್ಯಾಡ, ಈ ಇಂಜಿನ್ ಕಂಪ್ರೆಶನ್ ಭಾಳ ಕಡಿಮಿ, ಸಾದಾ ಸಾಕು. ಲೀಟರಿಗೆ ಆರೇಳು ಕಿಲೋಮೀಟರ್ ಅಂತ ಹಿಡೀರಿ, ಮನ್ಯಾಗ ಅಷ್ಟು ಹೇಳೂದು ಬ್ಯಾಡ.

ಕರೆಂಟಿಂದು ಸಣ್ಣದು. ಕ್ರೈಸ್ಲರ್ ಗಾಡಿ 1955ರ ತನಕಾ 6 ವೋಲ್ಟ್, ಅದೂ ಬ್ಯಾಟರಿಯ ಪಾಸಿಟಿವ್ ತುದಿ ಗಾಡಿಯ ಬಾಡಿಗೆ ಕೂಡಿಸಿದ್ದು. ಶೆವರ್ಲೆ 1954ರ ತನಕಾ 6 ವೋಲ್ಟ್, ಆದ್ರ ನೆಗೆಟಿವ್ ತುದಿ ಗಾಡಿಯ ಬಾಡಿಗೆ. ನೋಡಲಾರದ ಹಚ್ಚಬ್ಯಾಡ್ರಿ. ಹಳೇ ಬುಲೆಟ್ಟಿನ ಸಣ್ಣ ಬ್ಯಾಟರಿ ಈ ಸ್ಟಾರ್ಟರಿಗೆ ಸಾಲೂದಿಲ್ಲ, ಕೇಬಲ್ಲೂ ಈಗಿನ ಕಾರಿನ ತೆಳ್ಳಂದು ನಡಿಯೂದಿಲ್ಲ, ವೋಲ್ಟ್ ಅರ್ಧ ಆದ್ರ ಕರೆಂಟ್ ಡಬಲ್ ಹರೀಬೇಕಲ್ಲ, ದಪ್ಪಂದ ಬೇಕು. ಡಿಸ್ಟ್ರಿಬ್ಯೂಟರಿನ್ಯಾಗ ಕಿಡಿ ಹುಟ್ಟಸೂ ಪಾಯಿಂಟಿನ ಗ್ಯಾಪ್ 20 ಥೌ, ಅಂದ್ರ ಇಂಚಿನ ಸಾವಿರ ಪಾಲಿನ್ಯಾಗ 20, ಇದು ಪ್ಲಿಮತ್ ಡಾಜಿಗೆ.

ಇಷ್ಟಾದ ಮ್ಯಾಲ ಚಾಲೂ ಮಾಡ್ರಿ. ಮೊದಲ ಬಿಳೇ ಹೊಗಿ, ಆಮ್ಯಾಲ ನೀಲಿ ಹೊಗಿ, ಒಂದ ಸಿಲಿಂಡರ್ ಮುನಿಸ್ಕೊಂಡು ಆಮ್ಯಾಲ ಬಂದ್ ಕೂಡಕೊಂತೈತಿ. ಆಯಿಲ್ ಪ್ರೆಶರ್ ಏರಲಿಲ್ಲಂದ್ರ ಅರ್ಧ ನಿಮಿಷದಾಗ ಬಂದ್ ಮಾಡ್ರಿ, ವಿಡಿಯೋ ಹಾಳಾದ್ರ ಆಗಲಿ. ಏರಿತು ಅಂದ್ರ ಸುಮ್ಮನ ಬಾಜೂಕ ನಿಂತ ಕೇಳ್ರಿ. ಈಗಿನ ಕಾರು ಚಾಲೂ ಐತೋ ಇಲ್ಲೋ ಡ್ಯಾಶ್‌ಬೋರ್ಡ್ ನೋಡಿ ತಿಳೀಬೇಕು, ಇದು ಮಾತ್ರ ನಿಂತಲ್ಲೆ ಉಸರಾಡತೈತಿ. ಮುಂದ ಮೂರ ಮಂದಿ ಕೂಡೂ ಒಂದ ಉದ್ದ ಸೀಟು, ಗೇರ್ ಸ್ಟಿಯರಿಂಗ್ ಹತ್ರ, ನಡುವ ಕುಂತ ಕೂಸಿಗೆ ಎಲ್ಲಾ ಕಾಣತೈತಿ. ಮೊದಲ ಲಗ್ನ ಮುಂಜಿವಿಗೆ ಹೋಗೂ ಮುಂದ ಇಡೀ ಮನಿ ಒಂದ ಗಾಡ್ಯಾಗ ಹೋಗತಿತ್ತು, ಬುತ್ತಿ ಗಂಟು ಡಿಕ್ಕಿಯಾಗ, ಜಗಳಾ ಹಿಂದಿನ ಸೀಟಿನ್ಯಾಗ. ಈಗ ಮನ್ಯಾಗ ನಾಕ ಮಂದಿಗೆ ಮೂರು ಗಾಡಿ ಅದಾವ, ಒಬ್ಬರಿಗೊಬ್ಬರು ಹೊಂಟಿದ್ದು ಗೊತ್ತಾಗೂದಿಲ್ಲ.

ಪೇಂಟ್ ಮಾತ್ರ ಅವಸರಲೆ ಮಾಡಸಬ್ಯಾಡ್ರಿ. ಪತ್ರಾ ತೂತ ಬಿದ್ದಲ್ಲಿ ವೆಲ್ಡಿಂಗ್ ಮಾಡಿಸಿ ರೆಡ್ ಆಕ್ಸೈಡ್ ಹಚ್ಚ್ರಿ, ಉಳದ ಕಡೆ ಹಳೇ ಬಣ್ಣ ಹಂಗ ಇರಲಿ, ಕ್ರೋಮ್ ಮ್ಯಾಲ ಸ್ವಲ್ಪ ಕಲೆ ಇದ್ರೂ ಇರಲಿ. ಅಜ್ಜನ ಮೊಳಕೈ ತಿಕ್ಕಿ ಬಣ್ಣ ಹ್ವಾದ ಬಾಗಿಲದ ಅಂಚಿಗೆ ಹೊಳಿಯೂ ಕೆಂಪ ಹಚ್ಚಿದ್ರ ನನಗಂತೂ ಹೊಟ್ಟಿ ಉರೀತೈತಿ. ಖಂಡೇನವಮಿಗೆ ಹೂವು ಕುಂಕುಮ ಏರಿಸಿದ್ರ ಅಷ್ಟ ಶೃಂಗಾರ ಸಾಕು.

ರೋಡಿಗೆ ತಗಿಯೂದು ಐತವಾರ ಮುಂಜಾನೆ, ಬೆಳಗಾವಿ ಕ್ಯಾಂಪ್ ಏರಿಯಾದ ಸಪಾಟ ರಸ್ತಾದಾಗ, ಘಾಟಿನ ಕಡೆ ಈಗ ಬ್ಯಾಡ. ಸ್ಪೀಡೋಮೀಟರ್ ಮೈಲಿನ್ಯಾಗ ಐತಿ ಅನ್ನೂದು ಮರೀಬ್ಯಾಡ್ರಿ, ಮುಳ್ಳು 40ಕ್ಕ ಬಂದ್ರ 64 ಕಿಲೋಮೀಟರ್ ಹೊಂಟೀರಿ ಅಂತ ಲೆಕ್ಕ.

ಕಾಗದಪತ್ರ: 2021ರ ಜುಲೈದಾಗ ಕೇಂದ್ರ ಸರ್ಕಾರ ವಿಂಟೇಜ್ ಗಾಡಿ ನಿಯಮ ತಂದೈತಿ. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು, ಡೀಸೆಲ್ ಇಂಜಿನ್ ಕೂಡಿಸಿದವ್ರಿಗೆ ತಕರಾರ ಬರೂದು ಇಲ್ಲೇ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತ ವರ್ಷ ನಡೀತೈತಿ, ಆಮ್ಯಾಲ 5,000. ಹಳೇ ನಂಬರ್ ಇದ್ದವ್ರಿಗೆ ಅದ ನಂಬರ್ ಉಳೀತೈತಿ, ಹೊಸದಾಗಿ ಮಾಡಸವ್ರಿಗೆ ವಿಎ ಸೀರೀಸ್. ಆದ್ರ ವಿಂಟೇಜ್ ಅಂತ ಮಾಡಿಸಿದ್ರ ದಿನಾ ಓಡಸೂದಿಲ್ಲ, ಬಾಡಿಗಿಗೆ ಕೊಡೂದಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಸೂದು ಇಷ್ಟಕ್ಕ. ಇದು ಒಂದ ಲೆಕ್ಕಕ್ಕ ಚಲೋನ ಆತು. ಗಾಡಿ ಚಾಲೂ ಆದ ಸುದ್ದಿ ಹಬ್ಬಿತಂದ್ರ ಲಗ್ನದ ಸೀಜನ್ನಿನ್ಯಾಗ "ಅಣ್ಣಾರ, ಹುಡುಗನ ಮೆರವಣಿಗಿಗೆ ಒಂದ ತಾಸು ಕೊಡ್ರಲ್ಲಾ" ಅಂತ ಬೀಗರು ಬಿಜ್ಜರೆಲ್ಲಾ ಬರತಾರ, ಡಿಜೆ ಮುಂದ ತಾಸುಗಟ್ಟಲೆ ಫಸ್ಟ್ ಗೇರಿನ್ಯಾಗ ಹೋದ್ರ ಆ ಇಂಜಿನ್ ಕಾದು ಹಣ್ಣಾಗತೈತಿ. ಸರ್ಕಾರದ ರೂಲ್ ಐತಿ ನೋಡ್ರಿ ಅಂತ ಹೇಳ್ರಿ. ಅಷ್ಟಕ್ಕೂ ಕೇಳಲಿಲ್ಲಂದ್ರ ಬ್ಯಾಟರಿ ಬಿಚ್ಚಿ ಅಟ್ಟದ ಮ್ಯಾಲ ಇಟ್ಟು, ಚಾರ್ಜಿಗೆ ಕೊಟ್ಟೀನಿ ಅನ್ರಿ.