ಚಮಚದ ಬೆನ್ನು ಓದಲು ಕಲಿತದ್ದು

ನಮ್ಮ ಮನೆಯಲ್ಲಿ ಬೆಳ್ಳಿ ಅಂದರೆ ತೂಕ. ಅಮ್ಮ ಮೈಸೂರಿನ ಅಂಗಡಿಯಲ್ಲಿ ಕುಂಕುಮದ ಬಟ್ಟಲು ಕೊಳ್ಳುವಾಗಲೂ ಮೊದಲು ಕೇಳುವುದು ‘ಎಷ್ಟು ಗ್ರಾಂ?’, ಆಮೇಲೆ ‘ಮಜೂರಿ ಎಷ್ಟು?’ ಚೆಂದ ಇದೆಯೋ ಇಲ್ಲವೋ ಅನ್ನುವುದು ಮೂರನೇ ಮಾತು. ಯಜಮಾನರ ಕೆಲಸದ ಜೊತೆ ಕೋಪನ್‌ಹೇಗನ್‌ಗೆ ಬಂದಾಗ ನಾನೂ ಇದೇ ಬುದ್ಧಿ ಹೊತ್ತುಕೊಂಡು ಬಂದಿದ್ದೆ.

ಇಲ್ಲಿನ ಫ್ರೆಡೆರಿಕ್ಸ್‌ಬರ್ಗ್ ಟೌನ್‌ಹಾಲ್ ಹಿಂದೆ ಬೇಸಿಗೆಯ ಶನಿವಾರಗಳಲ್ಲಿ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ಜನ ಮನೆಯ ಅಟ್ಟದಲ್ಲಿ ಇದ್ದದ್ದನ್ನೆಲ್ಲ ತಂದು ಮೇಜಿನ ಮೇಲೆ ಹರಡುತ್ತಾರೆ. ಅಲ್ಲಿ ಒಂದು ಬಟ್ಟೆ ಚೀಲದಲ್ಲಿ ಆರು ಚಮಚ ಸಿಕ್ಕವು. ಹಿಂದೆ ಸಣ್ಣ ಗೋಪುರಗಳ ಮುದ್ರೆ. ಡೆನ್ಮಾರ್ಕ್ ಬೆಳ್ಳಿಯ ಮೇಲೆ ಗೋಪುರ ಇರುತ್ತದೆ ಅಂತ ಎಲ್ಲೋ ಕೇಳಿದ್ದೆ. ಇನ್ನೂರು ಕ್ರೋನರ್ ಕೊಟ್ಟು ಓಡಿ ಬಂದೆ, ಮಾರುವವರು ಮನಸ್ಸು ಬದಲಾಯಿಸಿಬಿಟ್ಟಾರು ಅಂತ!

ಮನೆಗೆ ಬಂದು ಭೂತಗನ್ನಡಿ ಹಿಡಿದು ನೋಡಿದರೆ ಗೋಪುರ ಎರಡೇ. ಅಸಲಿ ಬೆಳ್ಳಿಗೆ ಇರುವುದು ಮೂರು. ಎರಡು ಗೋಪುರ ಅಂದರೆ ಗಿಲೀಟು, ಒಳಗೆ ಬೇರೆ ಲೋಹ, ಮೇಲೆ ಬೆಳ್ಳಿಯ ಹೊದಿಕೆ. ಡೇನಿಶ್‌ನಲ್ಲಿ ಇದಕ್ಕೆ ‘ಪ್ಲೆಟ್’ ಅನ್ನುತ್ತಾರೆ. ಮಾರುವವರು ನನಗೆ ಸುಳ್ಳೇನೂ ಹೇಳಿರಲಿಲ್ಲ. ನಾನು ಕೇಳಿರಲೇ ಇಲ್ಲ. ಆ ಆರು ಚಮಚ ಈಗಲೂ ಅವಲಕ್ಕಿ ತಿನ್ನಲು ಇವೆ, ಚೆನ್ನಾಗಿಯೇ ಇವೆ.

ಆ ಚಳಿಗಾಲವೆಲ್ಲ ಕೂತು ಮುದ್ರೆಗಳನ್ನು ಓದಲು ಕಲಿತೆ. ಮೂರು ಗೋಪುರ ಕೋಪನ್‌ಹೇಗನ್ ಊರಿನ ಲಾಂಛನದಿಂದ ಬಂದದ್ದು. ಅದರ ಕೆಳಗೆ ಎರಡು ಅಂಕಿ ಇದ್ದರೆ ಅದು ವರ್ಷ. 23 ಅಂತಿದ್ದರೆ 1923. ಪಕ್ಕದಲ್ಲಿ ಬೆಳ್ಳಿ ಪರೀಕ್ಷಿಸಿದ ಅಧಿಕಾರಿಯ ಗುರುತು ಇರುತ್ತದೆ. 1904ರಿಂದ 1932ರವರೆಗೆ ಕ್ರಿಸ್ಟಿಯನ್ ಹೈಸೆ, ಅವರ ನಂತರ 1960ರವರೆಗೆ ಯೊಹಾನೆಸ್ ಸಿಗ್ಗಾರ್ಡ್. ಹೀಗಾಗಿ ಅಂಕಿ ಸವೆದು ಹೋಗಿದ್ದರೂ ಕಾಲ ಅಂದಾಜು ಮಾಡಬಹುದು. ನಮ್ಮಲ್ಲಿ ಅಜ್ಜಿಯ ಲೋಟ ಯಾವ ವರ್ಷದ್ದು ಅಂದರೆ ‘ದೊಡ್ಡಪ್ಪನ ಮುಂಜಿಗೆ ಮುಂಚೆ’ ಅನ್ನುತ್ತೇವೆ. ಇಲ್ಲಿ ಚಮಚವೇ ಹೇಳುತ್ತದೆ.

ಇನ್ನೊಂದು ಗೊಂದಲ ಇತ್ತು. ಮೂರು ಗೋಪುರದ ಬೆಳ್ಳಿ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಇರುವಂಥದ್ದು, ಆಗಿರಲೇಬೇಕು ಅಂತಿಲ್ಲ. ಆ ಮುದ್ರೆಗೆ ಸಾವಿರಕ್ಕೆ 826 ಪಾಲು ಬೆಳ್ಳಿ ಇದ್ದರೆ ಸಾಕು. ಹಳೆಯ ಎಷ್ಟೋ ಸಾಮಾನಿನ ಮೇಲೆ 830 ಎಸ್ ಅಂತ ಇರುವುದು ಇದಕ್ಕೇ. ಇಲ್ಲಿನ ಹೆಸರಾಂತ ಬೆಳ್ಳಿ ಕೆಲಸಗಾರ ಜಾರ್ಜ್ ಜೆನ್ಸನ್ 1904ರಲ್ಲಿ ಕೋಪನ್‌ಹೇಗನ್‌ನ ಬ್ರೆಡ್‌ಗೇಡ್ ಬೀದಿಯಲ್ಲಿ ತಮ್ಮ ಬೆಳ್ಳಿ ಕೆಲಸದ ಕಮ್ಮಟ ಶುರುಮಾಡಿದಾಗ ಅವರದ್ದೂ ಈ ಕಡಿಮೆ ಪಾಲಿನ ಬೆಳ್ಳಿಯೇ. ಸ್ಟರ್ಲಿಂಗ್ ಆಮೇಲೆ ಬಂತು. ಆದ್ದರಿಂದ 830 ಕಂಡ ತಕ್ಷಣ ‘ನಕಲಿ’ ಅಂತ ಮೂಗು ಮುರಿಯಬಾರದು. ಎಷ್ಟೋ ಸಲ ಅದೇ ಹಳೆಯದು, ಅದೇ ಬೆಲೆಬಾಳುವುದು. ಇನ್ನು ಹೊರದೇಶಕ್ಕೆ ಕಳಿಸಲು ಮಾಡಿದವುಗಳ ಮೇಲೆ ಗೋಪುರವೇ ಇರದೆ ಬರೀ ‘ಸ್ಟರ್ಲಿಂಗ್ ಡೆನ್ಮಾರ್ಕ್’ ಅಂತ ಇರಬಹುದು. ಚುಕ್ಕೆಗಳ ಅಂಡಾಕಾರದ ಚೌಕಟ್ಟಿನೊಳಗೆ ಜೆನ್ಸನ್ ಹೆಸರಿದ್ದರೆ ಅದು 1945ರ ನಂತರದ್ದು.

ಎರಡನೇ ವರ್ಷ ಚೀಲದಲ್ಲಿ ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು ಸಂತೆಗೆ ಹೋದೆ. ನಗಬೇಡಿ. ಒಬ್ಬ ಅಜ್ಜಿಯ ಮೇಜಿನ ಮೇಲೆ ಮೂರು ಚಾಕು, ಮೂರು ಫೋರ್ಕ್ ಇದ್ದವು. ತಕ್ಕಡಿ ತೆಗೆದೆ.

‘ಆಲೂಗಡ್ಡೆ ಅಲ್ಲಮ್ಮ ಅದು’ ಅಂದರು ಅಜ್ಜಿ, ಡೇನಿಶ್‌ನಲ್ಲಿ.

ಅವರೇ ಒಂದು ಚಾಕು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಗಲಗಲ ಅಂತು. ಬೆಳ್ಳಿ ಚಾಕಿನ ಹಿಡಿ ಟೊಳ್ಳು, ಅದರೊಳಗೆ ರಾಳದಂಥದ್ದು ತುಂಬಿರುತ್ತಾರೆ. ಅಲಗು ಉಕ್ಕಿನದು. ನಮ್ಮ ಚಿನ್ನದ ಬಳೆಯೊಳಗೆ ಅರಗು ತುಂಬುವ ಹಾಗೆಯೇ ಅಲ್ವಾ? ಅಂದಮೇಲೆ ಚಾಕನ್ನು ತೂಗಿ ಬೆಲೆ ಕಟ್ಟುವುದಕ್ಕೆ ಅರ್ಥವೇ ಇಲ್ಲ. ಒಳಗೆ ಗಲಗಲ ಅಂದರೆ ಯಾರೋ ಡಿಶ್‌ವಾಷರ್‌ಗೆ ಹಾಕಿದ್ದಾರೆ, ಬಿಸಿಗೆ ಒಳಗಿನ ಅಂಟು ಬಿಟ್ಟಿದೆ ಅಂತ ಅವರು ಹೇಳಿದರು. ಅಂದು ಫೋರ್ಕ್ ಮಾತ್ರ ಕೊಂಡೆ. ತಕ್ಕಡಿ ಮತ್ತೆ ಅಡುಗೆಮನೆ ಸೇರಿತು.

ಈಗ ಸಾಮಾನು ಕೈಗೆ ಬಂದರೆ ನೋಡುವುದು ಬೇರೆ. ಫೋರ್ಕ್ ಆದರೆ ಹಲ್ಲುಗಳ ತುದಿ. ಚೂಪಾಗಿ ಮೋಟಾಗಿದ್ದರೆ ಸವೆದಿದೆ. ಚಮಚ ಆದರೆ ಬಟ್ಟಲಿನ ತುದಿ. ಬಲಗೈಯವರು ತಟ್ಟೆ ಕೆರೆದು ಕೆರೆದು ಒಂದು ಪಕ್ಕ ಸವೆದು ಓರೆಯಾಗಿರುತ್ತದೆ. ಆಮೇಲೆ ಹಿಡಿಯ ಮೇಲೆ ಬಾಯಿಂದ ಹಾ ಅಂತ ಉಸಿರು ಬಿಡುತ್ತೇನೆ. ಹಳೆ ಮನೆಯವರ ಹೆಸರಿನ ಅಕ್ಷರ ಕೆತ್ತಿಸಿದ್ದು, ಆಮೇಲೆ ಅಂಗಡಿಯವರು ಉಜ್ಜಿ ತೆಗೆದಿದ್ದರೆ, ಮಂಜು ಕಟ್ಟಿದ ಆ ಒಂದು ಕ್ಷಣದಲ್ಲಿ ಅದರ ನೆರಳು ಕಾಣುತ್ತದೆ. ಅಲ್ಲಿ ಬೆಳ್ಳಿ ತೆಳುವಾಗಿರುತ್ತದೆ. ಅಕ್ಷರ ಹಾಗೇ ಇರುವ ಚಮಚವೇ ನನಗೆ ಇಷ್ಟ. ಯಾರದ್ದೋ ಹೆಸರು ಇದ್ದರೆ ಇರಲಿ ಬಿಡಿ. ನಮ್ಮ ಅತ್ತೆಯ ತವರಿನ ಪಾತ್ರೆಗಳ ಮೇಲೂ ಅವರ ಅಪ್ಪನ ಹೆಸರಿದೆ, ನಾವು ಉಜ್ಜಿ ತೆಗೆದೆವಾ?

ಯಾವ ವಿನ್ಯಾಸ ಕೂಡಿಸುವುದು ಅನ್ನುವುದಕ್ಕೆ ತುಂಬ ತಲೆ ಕೆಡಿಸಿಕೊಂಡೆ. ಹೆನ್ನಿಂಗ್ ಕೊಪ್ಪೆಲ್ ಅನ್ನುವ ವಿನ್ಯಾಸಕಾರರು 1957ರಲ್ಲಿ ಜೆನ್ಸನ್ ಕಮ್ಮಟಕ್ಕೆ ಮಾಡಿದ ‘ಕ್ಯಾರವೆಲ್’ ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ, ನೀರು ಹರಿದಂಥ ಗೆರೆ. ಆದರೆ ಸಂತೆಯಲ್ಲಿ ನನಗೆ ಒಂದೂ ಸಿಕ್ಕಿಲ್ಲ, ಅಂಗಡಿಯ ಬೆಲೆ ನನ್ನ ಕೈಗೆಟುಕದ್ದು. ಕೊನೆಗೆ ‘ಏಕಾರ್ನ್’ ಹಿಡಿದೆ. ಓಕ್ ಮರದ ಪುಟ್ಟ ಕಾಯಿ ಹಿಡಿಯ ತುದಿಯಲ್ಲಿ ಇರುತ್ತದೆ. ಯೊಹಾನ್ ರೋಡೆ ಅನ್ನುವ ಚಿತ್ರಕಾರರು 1915ರಲ್ಲಿ ಜೆನ್ಸನ್ ಕಮ್ಮಟಕ್ಕೆ ಬರೆದುಕೊಟ್ಟದ್ದು. ಡೆನ್ಮಾರ್ಕಿನಲ್ಲಿ ಅದರ ಹೆಸರು ‘ರಾಜ’. ತುಂಬ ಮಾರಾಟವಾದ ವಿನ್ಯಾಸ. ಹಾಗಾಗಿ ಒಂದೊಂದೇ ಕೊಳ್ಳಬಹುದು, ಒಂದು ಕಳೆದರೆ ಇನ್ನೊಂದು ಸಿಗುತ್ತದೆ. ಹೊಸಬರಿಗೆ ನಾನು ಹೇಳುವುದೂ ಇದನ್ನೇ. ಅಪರೂಪದ್ದರ ಹಿಂದೆ ಬಿದ್ದರೆ ಮೂರು ಚಮಚದ ಸೆಟ್ಟೇ ಗತಿ.

ಇಲ್ಲಿಯವರ ಫೋರ್ಕುಗಳ ಬಗ್ಗೆ ಒಂದು ಮಾತು. ಕೇಕಿಗೊಂದು, ಸಾರ್ಡಿನ್ ಮೀನಿಗೊಂದು, ಬ್ರೆಡ್ಡಿನ ಮೇಲಿಡುವ ಮಾಂಸದ ಹೋಳಿಗೆ ಇನ್ನೊಂದು. ಐದು ಬೆರಳಿನಲ್ಲಿ ಪಾಯಸದಿಂದ ಮಜ್ಜಿಗೆವರೆಗೆ ಮುಗಿಸುವ ನಮಗೆ ಇದೆಲ್ಲ ತಮಾಷೆ. ಆದರೂ ಸಾರ್ಡಿನ್ ಫೋರ್ಕ್ ಒಂದು ಕೊಂಡಿದ್ದೇನೆ. ನಾವು ಸಸ್ಯಾಹಾರಿಗಳು. ಅದರಲ್ಲಿ ಇಡ್ಲಿ ಎತ್ತುತ್ತೇವೆ.

ತಪ್ಪು ಮಾಡಿದ್ದನ್ನೂ ಹೇಳಬೇಕು. ದೀಪಾವಳಿಗೆ ಎಲ್ಲ ಫಳಫಳ ಅನ್ನಲಿ ಅಂತ ಊರಿನ ಅಭ್ಯಾಸದಂತೆ ಹಲ್ಲುಪುಡಿ ಹಾಕಿ ಉಜ್ಜಿಬಿಟ್ಟೆ. ಫಳಫಳ ಅಂತು ನಿಜ. ಆದರೆ ಏಕಾರ್ನ್ ಕಾಯಿಯ ಸುತ್ತಲ ಸಂದಿನಲ್ಲಿ ಇದ್ದ ಕಪ್ಪು ಹೋಯಿತು. ಅದು ಕೊಳೆ ಅಲ್ಲ, ಕೆತ್ತನೆ ಎದ್ದು ಕಾಣಲಿ ಅಂತ ಕಮ್ಮಟದಲ್ಲೇ ಬೇಕಂತ ಕೊಟ್ಟ ಕಪ್ಪು. ಅದು ಹೋದ ಮೇಲೆ ಕಾಯಿ ಬೋಳು ಬೋಳು. ಅಲ್ಯೂಮಿನಿಯಂ ಹಾಳೆ, ಸೋಡಾ ಪುಡಿ, ಬಿಸಿನೀರು ಅನ್ನುವ ಉಪಾಯವೂ ಇದೇ ಕೆಲಸ ಮಾಡುತ್ತದೆ, ಹುಷಾರು. ಈಗ ಮೆತ್ತನೆ ಬಟ್ಟೆ, ಉಬ್ಬಿದ ಭಾಗ ಮಾತ್ರ.

ಇನ್ನೊಂದು ತಪ್ಪು ಮಾಡಿದ್ದು ಯಜಮಾನರು. ಮಾವಿನಕಾಯಿ ಉಪ್ಪಿನಕಾಯಿ ಜಾಡಿಯಲ್ಲಿ ನನ್ನ ಚಮಚ ಬಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ಕಪ್ಪು ಕಲೆ, ಉಜ್ಜಿದ ಮೇಲೂ ಸಿಡುಬಿನ ಗುರುತಿನ ಹಾಗೆ ಗುಳಿ. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ. ಮೊಟ್ಟೆ, ಈರುಳ್ಳಿಯಲ್ಲಿ ಗಂಧಕ ಇರುವುದರಿಂದ ಬರೀ ಕಪ್ಪಾಗುತ್ತದೆ, ಅದನ್ನು ಒರೆಸಬಹುದು. ಗುಳಿಗೆ ಮದ್ದಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡುವುದೂ ಬೇಡ, ಅದರಲ್ಲೂ ಗಂಧಕ ಇದೆ. ದಿನಾ ಬಳಸಿ, ಕೈಯಲ್ಲಿ ತೊಳೆದು, ತಕ್ಷಣ ಒರೆಸಿಟ್ಟ ಚಮಚಗಳೇ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಕಪ್ಪಾಗಿವೆ.

ಏ. ಮಿಕೆಲ್ಸನ್ ಅನ್ನುವ ಹಳೆಯ ಬೆಳ್ಳಿ ಮನೆ 1910ರಿಂದ ವರ್ಷಕ್ಕೊಂದು ಕ್ರಿಸ್‌ಮಸ್ ಚಮಚ ಮಾಡುತ್ತಾ ಬಂತು. ಬೆಳ್ಳಿಗೆ ಚಿನ್ನದ ಲೇಪ, ಹಿಡಿಯಲ್ಲಿ ಬಣ್ಣದ ಮೀನಾಕಾರಿ, ಪ್ರತಿ ವರ್ಷ ಬೇರೆ ವಿನ್ಯಾಸ. ಮನೆಯವರ ಹುಟ್ಟಿದ ವರ್ಷದ್ದು ಹುಡುಕುವುದು ನನ್ನ ಹುಚ್ಚು. ಅಮ್ಮನದು 1952. ರವನ್ಸ್‌ಬೋರ್ಗ್‌ಗೇಡ್ ಬೀದಿಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಸಿಕ್ಕಿತು. ಕಳೆದ ರಜೆಗೆ ಊರಿಗೆ ಒಯ್ದೆ.

ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಾರನೇ ದಿನ ನನಗೆ ಹೇಳದೆ ಚಿನಿವಾರರ ಹತ್ತಿರ ಹೋಗಿ ಬಂದರು.

‘ಎಷ್ಟಂದ್ರಮ್ಮ?’

‘ತೂಕಕ್ಕೆ ಹಾಕಿದ್ರೆ ಏನೂ ಬರಲ್ಲ ಅಂದ್ರು ಕಣೇ. ನೀನು ಜಾಸ್ತಿ ಕೊಟ್ಟಿದ್ದೀಯ.’

ಹೇಳುತ್ತಲೇ ಚಮಚವನ್ನು ಸೆರಗಿನಲ್ಲಿ ಒರೆಸಿ, ದೇವರ ಮನೆಯಲ್ಲಿ ಕುಂಕುಮದ ಬಟ್ಟಲ ಪಕ್ಕ ಇಟ್ಟರು. ಅಪ್ಪನ ವರ್ಷದ್ದೂ ಇದೆಯಾ ಅಂತ ಹೋದ ವಾರ ಫೋನಿನಲ್ಲಿ ಕೇಳಿದರು. 1947. ಹುಡುಕುತ್ತಿದ್ದೇನೆ.